ಕರೆಂಟ್ ಹೋದಾಗ ಬೀಳುವ ತಟ್ಟೆ

ಆಕ್ಸಿಜನ್ ಯಂತ್ರವನ್ನು ಮನೆಗೆ ತಂದಿಟ್ಟವನು ಅದನ್ನು ಚಾಲೂ ಮಾಡಿ ತೋರಿಸಿದ. ಆಮೇಲೆ ಗೋಡೆಯ ಪ್ಲಗ್ ಕಿತ್ತು, "ನೋಡಿ ಮೇಡಂ, ಕರೆಂಟ್ ಹೋದ್ರೆ ಹಿಂಗೆ ಕೂಗ್ಕೊಳ್ಳುತ್ತೆ" ಎಂದ. ಯಂತ್ರ ಕೂಗಿತು. ತೆಳ್ಳಗೆ, ಚೂಪಾಗಿ, ಬಿಡದೆ. ನಾನು ಕಿವಿ ಮುಚ್ಚಿಕೊಂಡೆ. ಮಂಚದ ಮೇಲಿದ್ದ ಅಜ್ಜಿ ಹಲ್ಲು ಜುಮ್ಮೆಂದವಳಂತೆ ಮುಖ ಕಿವುಚಿದಳು. ಅಮ್ಮ ಮಾತ್ರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯಂತ್ರವನ್ನೇ ನೋಡುತ್ತ ನಿಂತಿದ್ದಳು. ಸ್ವಲ್ಪ ಹೊತ್ತು ಕಾದು, "ಯಾವಾಗ ಕೂಗುತ್ತೆ?" ಎಂದು ಕೇಳಿದಳು.

ಅವನು ತಮಾಷೆ ಎಂದುಕೊಂಡು ನಕ್ಕ. ಅಜ್ಜಿಯೂ ನಕ್ಕಳು. ನನಗೆ ನಗು ಬರಲಿಲ್ಲ.

ಅಜ್ಜಿಯ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದೆ, ಇನ್ನು ಹಗಲೂ ರಾತ್ರಿ ಮೂಗಿಗೆ ನಳಿಕೆ ಇರಲೇಬೇಕು ಎಂದು ಹೆಬ್ಬಾಳದ ಡಾಕ್ಟರು ಹೇಳಿ ಕಳಿಸಿದ್ದರು. ಯಂತ್ರ ಓಡುವುದು ವಿದ್ಯುತ್ತಿನಲ್ಲಿ. ಅದು ನಿಂತರೆ ಯಾರಾದರೂ ಕೂಡಲೇ ಹೋಗಿ ನಳಿಕೆಯನ್ನು ಯಂತ್ರದಿಂದ ಬಿಡಿಸಿ, ಪಕ್ಕದಲ್ಲಿ ನಿಲ್ಲಿಸಿದ ಸಿಲಿಂಡರಿಗೆ ಸಿಕ್ಕಿಸಿ, ಮೇಲಿನ ಕೀ ತಿರುಗಿಸಬೇಕು. ತಡವಾದರೆ ಮೊದಲು ಅವಳ ಮಾತು ನಿಲ್ಲುತ್ತದೆ, ಆಮೇಲೆ ತುಟಿಯ ಬಣ್ಣ ತಿರುಗುತ್ತದೆ. ಅಪ್ಪ ಬೆಳಗ್ಗೆಯೇ ಬಾಗಲೂರಿನ ಕಡೆಯ ಗೋದಾಮಿಗೆ ಕೆಲಸಕ್ಕೆ ಹೋಗಿಬಿಡುತ್ತಾನೆ. ನಾನು ಬಸ್ಸು ಹತ್ತುತ್ತೇನೆ. ಹಗಲು ಮನೆಯಲ್ಲಿರುವವಳು ಅಮ್ಮ ಒಬ್ಬಳೇ. ಆ ತೆಳ್ಳನೆಯ ಕೂಗು ಕೇಳಿಸದ ಅಮ್ಮ.

ಯಲಹಂಕದ ಪಕ್ಕದ ನಮ್ಮ ಅಟ್ಟೂರಿನಲ್ಲಿ ಕರೆಂಟ್ ಹೋಗುವುದು ಸುದ್ದಿಯಲ್ಲ. ಎಲ್ಲೋ ಲೇಔಟಿಗೆ ಕೇಬಲ್ ಎಳೆಯುತ್ತಾರೆ, ಎಲ್ಲೋ ಮರದ ಕೊಂಬೆ ಕಡಿಯುತ್ತಾರೆ, ಹೋಗುತ್ತದೆ. ಹೋದದ್ದು ನಮ್ಮ ಮನೆಯಲ್ಲಿ ಗೊತ್ತಾಗುವುದೂ ಇಲ್ಲ. ಇನ್ವರ್ಟರ್ ಇದೆ, ದೀಪ, ಫ್ಯಾನು, ಟಿವಿ ಎಂದಿನಂತೆ ನಡೆಯುತ್ತಿರುತ್ತವೆ. ಯಂತ್ರದ ಭಾರ ಮಾತ್ರ ಅದು ತಡೆಯಲಿಲ್ಲ. ದೊಡ್ಡದನ್ನು ಹಾಕಬೇಕಾದರೆ ಹಳೆಯ ವೈರಿಂಗನ್ನೆಲ್ಲ ತೆಗೆಸಬೇಕೆಂದು ಚಿಕ್ಕಪ್ಪ ಹೇಳಿದ. ಶ್ವಾಸಕೋಶ ಕೆಟ್ಟವಳನ್ನು ಒಳಗೆ ಮಲಗಿಸಿಕೊಂಡು ಗೋಡೆ ಕೊರೆಸಿ ಸಿಮೆಂಟಿನ ಧೂಳು ಎಬ್ಬಿಸುವುದು ಹೇಗೆ?

ಕೇಳಿಸುವುದೇ ನನ್ನ ಉದ್ಯೋಗ. ಆರ್.ಟಿ. ನಗರದ ಒಂದು ಮಹಡಿ ಮೇಲಿನ ಸ್ಟುಡಿಯೋದಲ್ಲಿ ಟಿವಿ ಧಾರಾವಾಹಿಗಳಿಗೆ ಸದ್ದು ಜೋಡಿಸುತ್ತೇನೆ. ಮಾತು ಡಬ್ ಮಾಡುವವರು ಬೇರೆ, ಸಂಗೀತ ಕೊಡುವವರು ಬೇರೆ. ಉಳಿದದ್ದು ನನ್ನ ಪಾಲು: ಹೆಜ್ಜೆ, ಬಳೆ, ಬಾಗಿಲು, ಗಾಳಿ, ದೂರದ ಹಾರ್ನು, ಮತ್ತು ಕೇಳಬಾರದ್ದನ್ನು ಯಾರಾದರೂ ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಾಗ ಬರುವ ಗುಡುಗು. ಇದನ್ನು ಕಲಿಯಲು ಭೌತಶಾಸ್ತ್ರ ಓದಿ, ಅದರ ಮೇಲೆ ಶಬ್ದದ ಬಗ್ಗೆ ಇನ್ನೊಂದು ಪದವಿ ಮಾಡಿದೆ ಎಂದರೆ ನೆಂಟರು ಈಗಲೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಓದಿದ್ದರಲ್ಲಿ ದಿನವೂ ಬಳಕೆಗೆ ಬರುವುದು ಕೆಲವೇ ಸಂಗತಿಗಳು. ಕಿವಿ ಎಲ್ಲ ಸದ್ದನ್ನೂ ಒಂದೇ ಸಮ ಕೇಳುವುದಿಲ್ಲ. ಮಗುವಿನ ಅಳು ಬರುವ ಸ್ವರದ ಎತ್ತರದಲ್ಲಿ ಅದು ಬಹಳ ಚುರುಕು, ತೀರಾ ಕೆಳಗೆ ಮಂದ. ದೊಡ್ಡ ಸದ್ದು ತನ್ನ ಪಕ್ಕದ ಸಣ್ಣ ಸದ್ದನ್ನು ನುಂಗುತ್ತದೆ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಸ್ವಲ್ಪ ಹೊತ್ತಿಗೆ ಲೆಕ್ಕದಿಂದ ಬಿಟ್ಟುಬಿಡುತ್ತದೆ. ಯಲಹಂಕದಲ್ಲಿ ವಾಯುಪಡೆಯ ವಿಮಾನ ತಲೆಯ ಮೇಲೆ ಹಾದರೆ ಹೊಸಬರು ಮಾತ್ರ ಕತ್ತೆತ್ತುತ್ತಾರೆ. ನಾವು ಮಾತಿನ ನಡುವೆ ತುಸು ತಡೆದು, ಮುಂದುವರಿಸುತ್ತೇವೆ. ಕಣ್ಣಿಗೆ ರೆಪ್ಪೆಯಿದೆ, ಕಿವಿಗಿಲ್ಲ. ನಮ್ಮ ಇಡೀ ಕಸುಬು ನಿಂತಿರುವುದು ಆ ಕೊನೆಯ ಸಂಗತಿಯ ಮೇಲೆ.

ನಮ್ಮ ಸ್ಟುಡಿಯೋದ ಅಡುಗೆಮನೆಯಲ್ಲಿ ಒಂದು ಹಳೆಯ ಸಾಧಾರಣ ಟಿವಿ ಇದೆ. ಒಳಗೆ ಒಳ್ಳೆಯ ಸ್ಪೀಕರುಗಳಲ್ಲಿ ಕೆಲಸ ಮುಗಿದ ಮೇಲೆ ಕಂತನ್ನು ಅದರಲ್ಲಿ ಹಾಕಿ, ಸಿಂಕಿನ ನಲ್ಲಿ ಬಿಟ್ಟು, ಮಿಕ್ಸಿ ತಿರುಗಿಸಿ, ಟಿವಿಗೆ ಬೆನ್ನು ಹಾಕಿ ನಿಂತು ಕೇಳುವುದು ಅಲ್ಲಿನ ಪದ್ಧತಿ. ಮಿಕ್ಸಿ ಜಾರಿನಲ್ಲಿ ಸದಾ ಒಂದು ಹಿಡಿ ಅಕ್ಕಿ ಇರುತ್ತದೆ. ಅದೇ ಅಕ್ಕಿ ಮೊದಲು ತರಿಯಾಗಿ, ಆಮೇಲೆ ಹಿಟ್ಟಾಗಿ, ಸದ್ದು ಮಾಡದಂತಾದ ಮೇಲೆ ಬದಲಾಗುತ್ತದೆ. ನನಗೆ ಕೆಲಸ ಹೇಳಿಕೊಟ್ಟ ಹಿರಿಯರು ಮೊದಲ ದಿನವೇ ನನ್ನನ್ನು ಅಲ್ಲಿ ನಿಲ್ಲಿಸಿದ್ದರು.

"ಧಾರಾವಾಹೀನ ಯಾರೂ ನೋಡಲ್ಲಮ್ಮ, ಕೇಳ್ತಾರೆ. ಈರುಳ್ಳಿ ಹೆಚ್ಕೊಂಡು ಕೇಳ್ತಾರೆ. ಹೊರಗೆ ಏನೋ ಅನಾಹುತ ಆಯ್ತು ಅಂತ ಕಿವಿ ಹೇಳಿದ್ರೆ ಮಾತ್ರ ಚಾಕು ಕೆಳಗಿಟ್ಟು ಓಡಿ ಬರ್ತಾರೆ. ಆ ಚಾಕು ಕೆಳಗಿಡಿಸೋದು ನಿನ್ ಕೆಲಸ."

"ಗುಡುಗು ಅದಕ್ಕೇನಾ ಸರ್?"

"ಮತ್ತೆ? ಬೆಂಗ್ಳೂರಲ್ಲಿ ಬೇಸಿಗೇಲೂ ಅಷ್ಟು ಗುಡುಗುತ್ತೇನಮ್ಮ?"

ಅವರ ಮಾತು ನಿಜವೆಂದು ನನಗೆ ನನ್ನ ಮನೆಯೇ ತೋರಿಸಿತು. ಅಜ್ಜಿ ಮಲಗುವ ಕೋಣೆಯಿಂದ ಹಾಲಿನ ಟಿವಿ ಕಾಣುವುದಿಲ್ಲ. ಎದ್ದು ಬರುವುದು ಅವಳಿಗೆ ಆಗದ ಮೇಲೆ, ನಾನು ಸದ್ದು ಜೋಡಿಸುವ ಧಾರಾವಾಹಿಯನ್ನು ಅವಳು ಪೂರ್ತಿಯಾಗಿ ಕಿವಿಯಲ್ಲೇ ನೋಡತೊಡಗಿದಳು. ಒಂದು ಭಾನುವಾರ ನಳಿಕೆ ಸರಿಮಾಡಲು ಹೋದಾಗ ಗುಟ್ಟು ಹೇಳುವವಳಂತೆ ನನ್ನ ಕೈ ಹಿಡಿದಳು.

"ಅಲ್ಲ ಮಗಾ, ಆ ನಾದಿನಿ ಯಾಕೆ ಯಾವಾಗ್ಲೂ ಆ ಸೊಸೆ ರೂಮ್ನಾಗೇ ಓಡಾಡ್ತಾಳೆ? ಗಂಡ ಎಂಡ್ತಿ ಮಾತಾಡ್ತಿದ್ರೂ ಬತ್ತಾಳೆ. ನಾಚ್ಕೆ ಬ್ಯಾಡ್ವಾ?"

ನಾದಿನಿ ಎಂದೂ ಆ ಕೋಣೆಗೆ ಕಾಲಿಟ್ಟಿರಲಿಲ್ಲ. ಯೋಚಿಸಿದ ಮೇಲೆ ಹೊಳೆಯಿತು: ಕೆಲಸದ ಅವಸರದಲ್ಲಿ ಇಬ್ಬರಿಗೂ ನಾನು ಒಂದೇ ಚಪ್ಪಲಿಯ ಹೆಜ್ಜೆ ಹಾಕುತ್ತಿದ್ದೆ. ಕಣ್ಣಿದ್ದವರು ಮುಖ ನೋಡಿಕೊಂಡು ಬಿಡುತ್ತಾರೆ. ಅಜ್ಜಿಗೆ ಹೆಜ್ಜೆಯೇ ಮುಖ. ಆಕೆಯ ಧಾರಾವಾಹಿಯಲ್ಲಿ ಆ ನಾದಿನಿ ತಿಂಗಳುಗಟ್ಟಲೆ ಗಂಡಹೆಂಡಿರ ನಡುವೆ ನಿಂತಿದ್ದಳು. ಮರುದಿನವೇ ಸೊಸೆಗೆ ಬರಿಗಾಲು ಕೊಟ್ಟೆ. ಅಜ್ಜಿ ಸಮಾಧಾನಪಟ್ಟಳು. "ನೋಡು, ಓದ್ಲು ಮಾರಿ," ಎಂದಳು.

ಅಮ್ಮನ ಕಿವಿಯ ವಿಷಯಕ್ಕೆ ಬರುತ್ತೇನೆ. ಅವಳ ತವರು ದೊಡ್ಡಬಳ್ಳಾಪುರ. ಮನೆಯ ಹಿಂದಿನ ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳಿದ್ದವು. ಮದುವೆಯಾಗುವವರೆಗೂ ಅವಳು ಆ ಮಗ್ಗಗಳ ನಡುವೆಯೇ ಬೆಳೆದವಳು. ಅಲ್ಲಿ ಕೂಗಿದರೂ ಮಾತು ಕೇಳುತ್ತಿರಲಿಲ್ಲವಂತೆ. ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರಂತೆ. ಇದನ್ನೆಲ್ಲ ಅವಳು ನಗುತ್ತ ಹೇಳಿದ್ದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಅಷ್ಟು ವರ್ಷದ ಸದ್ದು ಕಿವಿಗೆ ಕೇಳುವ ಸದ್ದಿನ ಮೇಲ್ತುದಿಯನ್ನು, ತೆಳ್ಳಗಿನ ಚೂಪು ಸದ್ದುಗಳನ್ನು, ತಿಂದುಹಾಕುತ್ತದೆ ಎಂಬುದು ಪುಸ್ತಕದಲ್ಲಿ ಓದಿದ್ದ ಸಂಗತಿ. ಅವೆರಡನ್ನೂ ಒಟ್ಟಿಗೆ ಇಟ್ಟು ನೋಡಲು ಆ ಯಂತ್ರ ಬರಬೇಕಾಯಿತು. ಪರೀಕ್ಷೆ ಮಾಡಿಸೋಣ ಬಾ ಎಂದೆ.

"ಅತ್ತೇನ ಯಾರ್ ನೋಡ್ಕೋತಾರೆ? ನಂಗೇನ್ ಕಿವುಡಾ? ನೀನ್ ಮಾತಾಡೋದೆಲ್ಲ ಕೇಳುತ್ತಲ್ಲ."

"ಕೆಳಗಿನ ಸದ್ದು ಕೇಳುತ್ತಮ್ಮ, ಮೇಲಿಂದು ಕೇಳಲ್ಲ."

"ಮೇಲಿಂದು ಯಾರಿಗ್ ಬೇಕು," ಎಂದು ಅಮ್ಮ ಸೊಪ್ಪು ಬಿಡಿಸಲು ಕುಳಿತಳು.

ಅಜ್ಜಿಯ ಕೈಗೆ ಒಂದು ಹಿತ್ತಾಳೆಯ ಗಂಟೆ ಕೊಟ್ಟೆವು. ಅವಳು ಅದನ್ನು ದಿಂಬಿನ ಆಚೆ ಸರಿಸಿದಳು. "ನನ್ನೇನ್ ಆಸ್ಪತ್ರೆ ಪೇಸೆಂಟ್ ಅನ್ಕೊಂಡ್ರಾ, ಗಂಟೆ ಒಡ್ದು ಕರೆಯಕ್ಕೆ? ಬೇಕಾದ್ರೆ ಬಾಯಲ್ಲಿ ಕರೀತೀನಿ." ಬಾಯಲ್ಲಿ ಕರೆಯಲು ಆಗದಾಗಲೇ ಅದು ಬೇಕಾಗುವುದು ಎಂಬ ಮಾತು ಅವಳೆದುರು ಆಡುವಂಥದ್ದಲ್ಲ. ಮೇಲಾಗಿ ಅವಳು ಮಧ್ಯಾಹ್ನ ಗಾಢವಾಗಿ ನಿದ್ದೆ ಮಾಡುತ್ತಾಳೆ. ಒಂದು ಸೈರನ್ ತಂದು ಕಟ್ಟಿಸಿದೆವು. ಮೊದಲ ಸಲ ಹೊಡೆದಾಗ ಅಮ್ಮನೇನೋ ಓಡಿದಳು, ಆದರೆ ಅಜ್ಜಿ ಬೆಚ್ಚಿಬಿದ್ದು, ಸಿಲಿಂಡರ್ ಹಾಕಿದ ಮೇಲೂ ಬಹಳ ಹೊತ್ತು ಉಸಿರು ಹತೋಟಿಗೆ ಬರಲಿಲ್ಲ. ಅದನ್ನು ಕಿತ್ತೆವು.

ಆಗ ನನಗೆ ಸ್ಟುಡಿಯೋದ ಬಾಗಿಲು ನೆನಪಾಯಿತು. ಅದರ ಮೇಲ್ಭಾಗದಲ್ಲಿ ಅಯಸ್ಕಾಂತದ ಬೀಗವಿದೆ. ಕರೆಂಟ್ ಇರುವವರೆಗೆ ಬಾಗಿಲನ್ನು ಕಚ್ಚಿ ಹಿಡಿದಿರುತ್ತದೆ. ಹೋದ ಕೂಡಲೇ ಬಿಟ್ಟುಬಿಡುತ್ತದೆ. ಅಂಥದ್ದೊಂದನ್ನು ನಮ್ಮ ಹಾಲಿನ ಮೂಲೆಯಲ್ಲಿ ಎತ್ತರಕ್ಕೆ ಕೂರಿಸಿ, ಅದು ಕಚ್ಚಿ ಹಿಡಿಯುವ ಕಬ್ಬಿಣದ ಪಟ್ಟಿಗೆ ಒಂದು ಪಾತ್ರೆ ಕಟ್ಟಿದರೆ, ಕರೆಂಟ್ ಹೋದಾಗ ಪಾತ್ರೆ ಬೀಳುತ್ತದೆ. ಅಮ್ಮ ಎಂಥ ಕೆಲಸದಲ್ಲಿದ್ದರೂ ಪಾತ್ರೆ ಬಿದ್ದರೆ ತಿರುಗಿ ನೋಡದೆ ಇರುವವಳಲ್ಲ.

ಬಾಗಿಲ ಬೀಗ, ಕ್ಯಾಮೆರಾ ಹಾಕುವುದೇ ಚಿಕ್ಕಪ್ಪನ ಕಸುಬು. ಕೇಳಿದಾಗ ಹಣೆ ಚಚ್ಚಿಕೊಂಡ. "ಕಳ್ಳ ಬರ್ದೇ ಇರ್ಲಿ ಅಂತ ಊರೆಲ್ಲ ಇದನ್ನ ಹಾಕ್ತೀನಿ. ನೀನೊಬ್ಳು ತಟ್ಟೆ ಬೀಳ್ಸೋಕೆ ಹಾಕಿಸ್ತಿದೀಯ. ಡಬಲ್ ಡಿಗ್ರಿ ಬೇರೆ!" ಎಂದ. ಆದರೂ ಹಳೆಯದೊಂದನ್ನು ತಂದು, ಇನ್ವರ್ಟರಿಗೆ ಸೇರಿಸದೆ ನೇರ ಲೈನಿಗೆ ಕೊಟ್ಟು ಕೂರಿಸಿದ. ಕೆಳಗೆ ಉಪಯೋಗ ತಪ್ಪಿದ ಒರಳುಕಲ್ಲು ಇರುವ ಮೂಲೆ ಅದು. ಅಲ್ಲಿ ಯಾರೂ ಓಡಾಡುವುದಿಲ್ಲ.

ಯಾವ ಪಾತ್ರೆ ಎಂಬುದು ನನಗೆ ಬಿಟ್ಟ ವಿಷಯ. ಅಮ್ಮನನ್ನು ಟಿವಿಯ ಮುಂದೆ ಕೂರಿಸಿ, ಧಾರಾವಾಹಿ ಹಾಕಿ, ಹಿಂದೆ ನಿಂತು ಒಂದೊಂದನ್ನೇ ಬೀಳಿಸಿದೆ. ಲೋಟದ ಕಿಣಿಕಿಣಿ ಅವಳನ್ನು ಮುಟ್ಟಲಿಲ್ಲ. ಸೌಟು ಬಿದ್ದದ್ದು ಗುಡುಗಿನಲ್ಲಿ, ನನ್ನದೇ ಗುಡುಗಿನಲ್ಲಿ, ಮುಳುಗಿಹೋಯಿತು. ಕೊನೆಗೆ ಅಕ್ಕಿ ಆರಿಸುವ ಅಗಲವಾದ ಸ್ಟೀಲ್ ತಟ್ಟೆ. ಅದು ಅಂಚಿನ ಮೇಲೆ ಬಿದ್ದು, ಸುತ್ತುತ್ತ, ಸುತ್ತುತ್ತ ತಗ್ಗಿ, ಗರಗರ ಎಂದು ವೇಗ ಹೆಚ್ಚಿಸಿಕೊಂಡು ನಿಂತಿತು. ಅಮ್ಮ ಅರ್ಧ ಎದ್ದಿದ್ದಳು. ಬದಲಾಗುತ್ತ ಹೋಗುವ ಸದ್ದನ್ನು ಕಿವಿ ಅಷ್ಟು ಸುಲಭವಾಗಿ ಬಿಡುವುದಿಲ್ಲ.

ಒಳಗಿನಿಂದ ಅಜ್ಜಿ, "ಏನ್ರೇ ಅದು, ಒಂದೊಂದೇ ಪಾತ್ರೆ ಬೀಳ್ತಾವೆ? ಸೊಸೆ ಮುನಿಸ್ಕೊಂಡ್ಲಾ?" ಎಂದಳು.

"ನಿಮ್ ಮೊಮ್ಮಗಳು ಕಣತ್ತೆ, ಆಫೀಸ್ ಕೆಲ್ಸ ಮಾಡ್ತಾವ್ಳೆ," ಎಂದಳು ಅಮ್ಮ.

ತಟ್ಟೆ ಕೆಲಸ ಮಾಡಿತು. ಮೊದಮೊದಲು ನಾನು ಸ್ಟುಡಿಯೋದಿಂದ ಫೋನ್ ಮಾಡಿ ಕೇಳುತ್ತಿದ್ದೆ. ಬಿತ್ತು, ಹೋದೆ, ಹಾಕಿದೆ ಎಂದು ಅಮ್ಮ ಮೂರೇ ಮಾತಿನಲ್ಲಿ ಹೇಳುತ್ತಿದ್ದಳು. ಪಕ್ಕದ ಮನೆಯವರಿಗೂ ಅಭ್ಯಾಸವಾಯಿತು. ಅವರ ಮನೆಯಲ್ಲಿ ಇನ್ವರ್ಟರ್ ಓಡುತ್ತಿದ್ದರೂ, ನಮ್ಮ ತಟ್ಟೆ ಬಿದ್ದರೆ ಕರೆಂಟ್ ಹೋಯಿತೆಂದು ಗೊತ್ತಾಗಿ ಮೋಟಾರ್ ಸ್ವಿಚ್ಚು ಆರಿಸುತ್ತಿದ್ದರಂತೆ.

ಅಭ್ಯಾಸವಾಗುವುದೇ ತೊಂದರೆ ಎಂದು ನನಗೆ ಗೊತ್ತಿರಬೇಕಿತ್ತು. ಧಾರಾವಾಹಿ ಶುರುವಾದಾಗ ಒಂದು ಗುಡುಗು ಸಾಕಾಗಿತ್ತು. ಜನ ಚಾಕು ಕೆಳಗಿಡುವುದನ್ನು ನಿಲ್ಲಿಸಿದರು, ಎರಡಾಯಿತು. ಆಮೇಲೆ ಗುಡುಗಿನ ಜೊತೆ ಖಡ್ಗ ಬೀಸಿದ ಸದ್ದು, ಅದರ ಮೇಲೆ ಶಂಖ. ಒಂದೇ ಮಾತಿಗೆ ಒಬ್ಬೊಬ್ಬರ ಮುಖದ ಮೇಲೂ ಬೇರೆ ಬೇರೆ ಸಿಡಿಲು. ದಿನವಿಡೀ ಅದನ್ನು ಹಾಕಿ ಹಾಕಿ, ಸಂಜೆ ಹೆಬ್ಬಾಳದ ಫ್ಲೈಓವರಿನ ಮೇಲೆ ಬಸ್ಸು ನಿಂತಾಗ, ನೂರಾರು ಹಾರ್ನುಗಳ ನಡುವೆ ನನಗೆ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸದೆ ಇರುವುದೂ ಒಂದು ಬಗೆಯ ಸುಸ್ತು. ಮನೆಗೆ ಬಂದರೆ ಯಂತ್ರದ ಗುಂಯ್ ಎನ್ನುವ ಸದ್ದು, ನಡುನಡುವೆ ಅದು ಉಸಿರು ಬಿಟ್ಟಂತೆ ಮಾಡುವ ಪುಸ್. ಅದು ಸರಿಯಾಗಿದೆಯೇ ಎಂದು ಊಟ ಮಾಡುವಾಗ, ತಲೆ ಬಾಚುವಾಗ, ಪುಸ್ತಕ ಹಿಡಿದಾಗ ಕೇಳುತ್ತಲೇ ಇರುತ್ತಿದ್ದೆ. ನನ್ನ ಕಿವಿಗೆ ಬಿಡುವು ಎಂಬುದಿರಲಿಲ್ಲ.

ಆ ದಿನಗಳಲ್ಲೇ ಕೆಲಸದಲ್ಲಿ ಒಂದು ಪ್ರಯತ್ನ ಮಾಡಿದೆ. ಗಂಡ ಊರು ಬಿಟ್ಟು ಹೋದ ಸುದ್ದಿ ಸೊಸೆಗೆ ತಿಳಿಯುವ ದೃಶ್ಯ. ಗುಡುಗು ತೆಗೆದೆ. ಅದಕ್ಕೆ ಬದಲು ದೃಶ್ಯದ ಮೊದಲಿನಿಂದಲೂ ಅಡಿಯಲ್ಲಿ ಒಂದು ಫ್ರಿಜ್ಜಿನ ಸದ್ದು ಹರಿಸಿದೆ, ಯಾರೂ ಗಮನಿಸದಷ್ಟು. ಆ ಮಾತು ಬಿದ್ದ ಕ್ಷಣ ಫ್ರಿಜ್ಜು ನಿಂತಿತು. ಅಷ್ಟೇ. ಹಿರಿಯರು ಒಳಗಿನ ಸ್ಪೀಕರಿನಲ್ಲಿ ಕೇಳಿದರು. ಮತ್ತೊಮ್ಮೆ ಹಾಕಿಸಿ ಕೇಳಿದರು.

"ಎದೆ ಖಾಲಿ ಆದಂಗಾಯ್ತು ಕಣಮ್ಮ," ಎಂದರು. "ಬಾ, ಅಡುಗೆಮನೆಗೆ ಹೋಗೋಣ."

ನಲ್ಲಿ ಬಿಟ್ಟು, ಮಿಕ್ಸಿ ಹಾಕಿ, ಬೆನ್ನು ತಿರುಗಿಸಿ ನಿಂತೆವು. ಫ್ರಿಜ್ಜು ಓಡಿದ್ದೂ ಕೇಳಿಸಲಿಲ್ಲ, ನಿಂತದ್ದೂ ಕೇಳಿಸಲಿಲ್ಲ. ಅಲ್ಲಿ ಏನೂ ಆಗಲೇ ಇಲ್ಲ. ಚಹಾ ಮಾಡುತ್ತಿದ್ದ ಅಕ್ಕ ತಿರುಗಿ, "ಸರ್, ಟಿವಿ ಕೆಟ್ಟೋಯ್ತಾ?" ಎಂದರು.

"ನೋಡ್ದ್ಯಾ," ಎಂದರು ಹಿರಿಯರು. ಅವರ ದನಿಯಲ್ಲಿ ಗೆಲುವೇನೂ ಇರಲಿಲ್ಲ. "ಸದ್ದು ನಿಂತದ್ದು ಕೇಳ್ಬೇಕು ಅಂದ್ರೆ ಕೇಳೋರು ಮೊದ್ಲು ಸುಮ್ನಿರ್ಬೇಕು. ನಮ್ಮೋರು ಸುಮ್ನಿರಲ್ಲ. ಹಾಕು, ಗುಡುಗು ಹಾಕು." ಹಾಕಿದೆ.

ಅದಾದ ವಾರವೇ ಒಂದು ಶನಿವಾರ ನಾನು ಮನೆಯಲ್ಲಿದ್ದೆ. ಮಧ್ಯಾಹ್ನ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಾಗ ತಟ್ಟೆ ಬಿತ್ತು. ಅಮ್ಮ ಒಳಗಿದ್ದಾಳಲ್ಲ ಎಂದು ಇನ್ನೆರಡು ಬಟ್ಟೆ ಹರವಿದೆ. ಆಮೇಲೆ ಏಕೋ ಒಳಗೆ ಬಂದೆ. ಅಮ್ಮ ಹಾಲಿನಲ್ಲೇ ಕುಳಿತಿದ್ದಳು. ಟಿವಿಯಲ್ಲಿ ಧಾರಾವಾಹಿಯ ಮರುಪ್ರಸಾರ ಜೋರಾಗಿ ನಡೆದಿತ್ತು. ಒರಳುಕಲ್ಲಿನ ಬಳಿ ತಟ್ಟೆ ಬಿದ್ದಿತ್ತು. ಒಳಗೆ ಯಂತ್ರ ಕಿರುಚುತ್ತಿತ್ತು. ಅಜ್ಜಿ ಮಂಚದ ಮೇಲೆ ಎದ್ದು ಕುಳಿತು ಎರಡೂ ಕೈ ಊರಿಕೊಂಡು ಬಾಯಿ ತೆರೆದಿದ್ದಳು.

ನಳಿಕೆ ಸಿಕ್ಕಿಸಿ ಕೀ ತಿರುಗಿಸಿದೆ. ಬಣ್ಣ ಮರಳಿತು. ಅಮ್ಮ ಬಾಗಿಲಲ್ಲಿ ಬಂದು ನಿಂತಳು. ಅವಳ ಕೈಯಲ್ಲಿ ಇನ್ನೂ ಅರ್ಧ ಬಿಡಿಸಿದ ಅಲಸಂದೆಕಾಯಿ ಇತ್ತು.

"ಬಿತ್ತಾ?" ಎಂದಳು. ಆಮೇಲೆ, "ಬಿದ್ದಿದ್ದು ಗೊತ್ತಾಯ್ತು ಅನ್ಸುತ್ತೆ. ಏನೋ ಬಿತ್ತಲ್ಲ ಅಂತ ಸುಮ್ನಾದೆ," ಎಂದಳು.

ಉಸಿರು ಸರಿಹೋದ ಮೇಲೆ ಅಜ್ಜಿಯೇ, "ಓಗ್ಲಿ ಬುಡು. ಅದು ದಿನಾ ಬೀಳುತ್ತೆ. ಯಾರ್ ಎದ್ದು ನೋಡ್ತಾರೆ," ಎಂದಳು. ಅಮ್ಮನನ್ನು ತಪ್ಪಿನಿಂದ ಬಿಡಿಸಲು ಹೇಳಿದ ಮಾತು ಅದು. ಅಮ್ಮ ಮುಖ ತಿರುಗಿಸಿಕೊಂಡಳು.

ಅಂದಿನಿಂದ ಪಾತ್ರೆ ಬದಲಿಸತೊಡಗಿದೆ. ಗುಡುಗು ಬದಲಿಸಿದ ಹಾಗೆ. ಒಂದು ವಾರ ತಟ್ಟೆ, ಒಂದು ವಾರ ಹಿತ್ತಾಳೆಯ ಚೊಂಬು, ಇನ್ನೊಮ್ಮೆ ಬಟ್ಟೆಯಲ್ಲಿ ಸುತ್ತಿದ ಸೌಟುಗಳ ಗಂಟು. ಬೆಳಗ್ಗೆ ಬಸ್ಸಿಗೆ ಹೊರಡುವ ಮೊದಲು ಸ್ಟೂಲ್ ಹತ್ತಿ ಕಟ್ಟುವುದು ನನ್ನ ಕೆಲಸಗಳಲ್ಲಿ ಒಂದಾಯಿತು. ಅಜ್ಜಿ ಒಳಗಿನಿಂದ, "ಇವತ್ತೇನ್ ಕಟ್ದೆ? ಏಳ್ಬ್ಯಾಡ, ಬಿದ್ಮೇಲೆ ಸದ್ದು ಕೇಳಿ ಯಾವ್ದು ಅಂತ ನಾನೇ ಏಳ್ತೀನಿ," ಎನ್ನುವಳು. ಅಮ್ಮ ನನ್ನನ್ನು ನೋಡುತ್ತ ನಿಲ್ಲುವಳು. ನಾನು ದಣಿದಿದ್ದೇನೆಂದು ಅವಳಿಗೆ ಕಾಣುತ್ತಿತ್ತು. ಅವಳು ಹೆದರಿದ್ದಾಳೆಂದು ನನಗೂ ಕಾಣುತ್ತಿತ್ತು. ಹೊಸ ಪಾತ್ರೆಗಳು ಮುಗಿದ ಮೇಲೆ ಏನು ಮಾಡುವುದೆಂಬುದು ಮಾತ್ರ ಕಾಣುತ್ತಿರಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಸ್ಟುಡಿಯೋದಲ್ಲಿ ಎಸಿ ಕೆಟ್ಟು ನೀರು ಸೋರತೊಡಗಿತು. ಯಂತ್ರಗಳನ್ನೆಲ್ಲ ಆರಿಸಿ ನಮ್ಮನ್ನು ಮನೆಗೆ ಕಳಿಸಿದರು. ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಹೆಬ್ಬಾಳದಲ್ಲಿಯೂ ಹೆಚ್ಚು ನಿಲ್ಲಲಿಲ್ಲ. ಮನೆಯ ಗೇಟು ತೆಗೆದಾಗ ಒಳಗೆ ಅಮ್ಮನ ದನಿ ಕೇಳಿಸಿತು. ಯಾರೋ ಬಂದಿದ್ದಾರೆಂದುಕೊಂಡು ಹೊಸ್ತಿಲಲ್ಲೇ ನಿಂತೆ.

"ಈಗ ಅತ್ತೆ ಮೆಟ್ಲು ಇಳ್ದು ಬರ್ತಾವ್ಳೆ. ಮುಖ ಊದ್ಸ್ಕೊಂಡವ್ಳೆ. ರೇಷ್ಮೆ ಸೀರೆ, ಮನೇಲೇ. ಕೇಳ್ತಾವ್ಳೆ, ಎಲ್ಲಿಗ್ ಹೋಗಿದ್ದೆ ಅಂತ."

"ಅದ್ಕೆ ಆ ಉಡ್ಗಿ ಏನಂದ್ಲು?" ಇದು ಒಳಗಿನಿಂದ ಅಜ್ಜಿ.

"ಅವ್ಳು ತುಟೀಲಿ ಬೇರೆ ಏನೋ ಹೇಳ್ತಾಳತ್ತೆ. ತೆಲುಗು ಇದ್ದಂಗೈತೆ. ಆದ್ರೆ ಅಳ್ತಾವ್ಳೆ. ದೇವಸ್ಥಾನಕ್ಕೆ ಅಂದಿರ್ಬೇಕು."

"ಸುಳ್ಳಿ."

ಹಾಲಿನ ಟಿವಿಯಲ್ಲಿ ಚಿತ್ರ ಓಡುತ್ತಿತ್ತು. ಸದ್ದು ಪೂರ್ತಿ ನಿಲ್ಲಿಸಿತ್ತು. ಪರದೆಯ ಮೂಲೆಯಲ್ಲಿ ಅಡ್ಡಗೆರೆ ಹೊಡೆದ ಸ್ಪೀಕರಿನ ಗುರುತು. ನಾನು ದಿನಗಟ್ಟಲೆ ಕುಳಿತು ಜೋಡಿಸಿದ ಹೆಜ್ಜೆ, ಬಳೆ, ಗಾಳಿ, ಶಂಖ, ಸಿಡಿಲು ಯಾವುದೂ ಆ ಮನೆಯಲ್ಲಿರಲಿಲ್ಲ. ಅಮ್ಮ ಅಲಸಂದೆಕಾಯಿ ಬಿಡಿಸುತ್ತ, ಟಿವಿಯ ಕಡೆ ಮುಖ ಮಾಡಿ, ಗಟ್ಟಿಯಾಗಿ, ಬಾಗಿಲಾಚೆಯ ಅಜ್ಜಿಗೆ ಕಥೆ ಹೇಳುತ್ತಿದ್ದಳು. ಅವಳ ದನಿಯ ಅಡಿಯಲ್ಲಿ ಯಂತ್ರದ ಗುಂಯ್ ಸದ್ದು ಕೆಂಪು ನೆಲದುದ್ದಕ್ಕೂ ಹರಡಿತ್ತು. ಮೂಲೆ ನೋಡಿದೆ. ಅಯಸ್ಕಾಂತದಲ್ಲಿ ಏನೂ ತೂಗುತ್ತಿರಲಿಲ್ಲ. ಬೆಳಗ್ಗೆ ನಾನು ಕಟ್ಟಿಹೋಗಿದ್ದ ಅಕ್ಕಿ ತಟ್ಟೆ ಅಮ್ಮನ ಮಡಿಲಲ್ಲಿತ್ತು, ಬಿಡಿಸಿದ ಅಲಸಂದೆಕಾಳು ತುಂಬಿಕೊಂಡು.

ಸಿಟ್ಟು ಬಂತು. ಮಾತಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಕರೆಂಟ್ ಹೋಯಿತು.

ಟಿವಿ ಆರಲಿಲ್ಲ, ಫ್ಯಾನು ನಿಲ್ಲಲಿಲ್ಲ. ಏನೂ ಬೀಳಲಿಲ್ಲ. ಗುಂಯ್ ಸದ್ದು ಮಾತ್ರ ನೆಲದಿಂದ ಎದ್ದುಹೋಯಿತು. "ಬಾಗ್ಲು ತಟ್ಟಿದ್ರು ನೋಡಿ," ಎನ್ನುತ್ತಿದ್ದ ಅಮ್ಮ ಆ ಮಾತು ಮುಗಿಸುವ ಮೊದಲೇ ಎದ್ದಿದ್ದಳು. ತಟ್ಟೆ ಪಕ್ಕಕ್ಕಿಟ್ಟು ಒಳಗೆ ಹೋದಳು. ಯಂತ್ರ ಅವಳಿಗೆ ಕೇಳಿಸದ ಆ ಕೂಗು ಶುರುಮಾಡಿತ್ತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ನಳಿಕೆ ಸಿಲಿಂಡರಿಗೆ ಸಿಕ್ಕಿಸಿ ಕೀ ತಿರುಗಿಸುತ್ತಿದ್ದಳು. ಅಜ್ಜಿ ಬೆರಳಿನಿಂದ ತನ್ನ ಕಿವಿ ತೋರಿಸಿದಳು. ಅಮ್ಮ ತಲೆಯಾಡಿಸಿ ಯಂತ್ರದ ಸ್ವಿಚ್ಚು ಒತ್ತಿದಳು. ಕೂಗು ನಿಂತಿತು. ಅದು ಅವರಿಬ್ಬರ ನಡುವಿನ ಏರ್ಪಾಡು.

ನನ್ನನ್ನು ಕಂಡು ಅಮ್ಮ ಬೆಚ್ಚಿದಳು. "ಯಾಕೆ, ಹುಷಾರಿಲ್ವಾ?"

"ಎಷ್ಟ್ ದಿನದಿಂದ ಹಿಂಗೆ?" ಎಂದೆ. "ಟಿವಿ ಮ್ಯೂಟ್ ಮಾಡಿ?"

"ಅವತ್ತಿಂದ." ಯಾವತ್ತೆಂದು ಇಬ್ಬರಿಗೂ ಗೊತ್ತಿತ್ತು. "ಮಿಷನ್ ನಿಂತ್ರೆ ಕಾಲಿಗೇ ಗೊತ್ತಾಗುತ್ತೆ ಕಣೆ. ನಮ್ ಮಗ್ಗದ ಮನೇಲಿ ಒಂದು ಮಗ್ಗ ನಿಂತ್ರೆ ಎಲ್ರೂ ತಲೆ ಎತ್ತೋರು. ನಿಂತಿದ್ದು ಕೇಳುತ್ತೆ ನಂಗೆ. ಟಿವಿ ಸದ್ದಿದ್ರೆ ಮಾತ್ರ ಆಗಲ್ಲ."

"ಮತ್ತೆ ನಾನು ದಿನಾ ಸ್ಟೂಲ್ ಹತ್ತಿ ಕಟ್ತಿದ್ನಲ್ಲಮ್ಮ."

"ಅಷ್ಟ್ ಕಷ್ಟಪಟ್ಟು ಕಟ್ತಿದ್ದೆ. ಬೇಡ ಅನ್ನೋಕೆ ಮನಸ್ಸಾಗ್ಲಿಲ್ಲ." ಸೆರಗಿನಿಂದ ಕೈ ಒರೆಸಿಕೊಂಡಳು. "ನಿನ್ ಸದ್ದು ಆರ್ಸಿದೀನಿ ಅಂದ್ರೆ ನಿಂಗ್ ಬೇಜಾರಾಗಲ್ವಾ? ಅದಕ್ಕೆ ಹೇಳ್ಲಿಲ್ಲ."

ಅಜ್ಜಿ ಮಂಚದ ಮೇಲಿನಿಂದ, "ಬ್ಯಾಜಾರ್ ಮಾಡ್ಕೋಬ್ಯಾಡ ಮಗಾ. ನಿನ್ನ ಗುಡುಗ್ಗಿಂತ ಇವ್ಳೇ ಚೆಂದಾಗೇಳ್ತಾಳೆ. ಆ ನಾದಿನೀನ ಓದ್ ವಾರನೇ ಊರ್ ಬಿಡ್ಸವ್ಳೆ," ಎಂದಳು. ನಾದಿನಿ ಊರು ಬಿಟ್ಟಿರಲಿಲ್ಲ. ಮುಂದಿನ ಕಂತುಗಳಲ್ಲೂ ಇದ್ದಳು. ಅವಳ ಹೆಜ್ಜೆಗಳನ್ನು ನಿನ್ನೆಯಷ್ಟೇ ಹಾಕಿದ್ದೆ. ತುಟಿಯೋದಿ ತಿಳಿದದ್ದು ಎಷ್ಟು, ಅತ್ತೆಗಾಗಿ ಅಮ್ಮ ಕಟ್ಟಿದ್ದು ಎಷ್ಟು ಎಂದು ನಾನು ಕೇಳಲಿಲ್ಲ.

ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಅದನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಇರಲಿಲ್ಲ. ಚಪ್ಪಲಿ ಕಳಚಿ ಹಾಲಿನ ನೆಲದ ಮೇಲೆಯೇ ಗೋಡೆಗೆ ಒರಗಿ ಕುಳಿತೆ. ಅಮ್ಮ ತಟ್ಟೆ ಮತ್ತೆ ಮಡಿಲಿಗೆ ಎಳೆದುಕೊಂಡಳು. ಸಂಜೆ ಚಿಕ್ಕಪ್ಪನಿಗೆ ಹೇಳಿ ಆ ಬೀಗ ಬಿಚ್ಚಿಸಲೇ ಎಂದೆ. "ಇರ್ಲಿ ಬಿಡು," ಎಂದಳು. "ನಾನ್ ಸ್ನಾನಕ್ಕೆ ಹೋದಾಗ ಕಟ್ಟಿಡ್ತೀನಿ. ಬಿದ್ರೆ ಪಕ್ಕದ್ಮನೆಯವ್ರು ಎದ್ದು ಬರ್ತಾರೆ, ಹೇಳಿಟ್ಟಿದೀನಿ."

ಪರದೆಯ ಮೇಲೆ ಸೊಸೆ ಅಳುತ್ತಿದ್ದಳು. ಆ ದೃಶ್ಯ ನನಗೆ ಬಾಯಿಪಾಠ. ಎಲ್ಲಿ ಸಿಡಿಲು, ಎಲ್ಲಿ ಶಂಖ ಎಂದು ಗೊತ್ತು. ಎರಡೂ ಬರಲಿಲ್ಲ. ಹೊರಗೆ ಮಳೆ ನಿಂತ ಮೇಲಿನ ಹನಿ ಚಾವಣಿಯ ಶೀಟಿನಿಂದ ಬೀಳುತ್ತಿತ್ತು. ಒಳಗೆ ಸಿಲಿಂಡರಿನ ನೀರಿನ ಬಾಟಲಿಯಲ್ಲಿ ಸಣ್ಣ ಗುಳ್ಳೆಗಳ ಸದ್ದು. ಅದು ಸರಿಯಾಗಿದೆಯೇ ಎಂದು ಕೇಳಲು ಹೊರಟು, ಬಿಟ್ಟೆ. ಅಮ್ಮ ಕೇಳಿಸಿಕೊಳ್ಳುತ್ತಿದ್ದಳು. ನಾನು ಕಣ್ಣು ಮುಚ್ಚಿದೆ.

ಕರೆಂಟ್ ಬಂದಾಗ ಅರೆನಿದ್ದೆಯಲ್ಲಿದ್ದೆ. ಅಮ್ಮ ಎದ್ದು ಹೋಗಿ ನಳಿಕೆ ಬದಲಿಸಿ ಬಂದದ್ದು, ನೆಲ ಮತ್ತೆ ಗುಂಯ್ ಎಂದದ್ದು ದೂರದಲ್ಲಿ ಎಂಬಂತೆ ಗೊತ್ತಾಯಿತು.

"ಎಲ್ಲಿಗ್ ನಿಲ್ಸಿದ್ದೆ ಅತ್ತೆ?"

"ಬಾಗ್ಲು ತಟ್ಟಿದ್ರು."

"ಹ್ಞಾಂ, ಬಾಗ್ಲು ತಟ್ಟಿದ್ರು. ಅದೆಲ್ಲ ಮುಗೀತು. ಈಗ ಯಾರೋ ಬಂದವ್ರೆ. ಮುಖ ತೋರಿಸ್ತಿಲ್ಲ, ಬರೀ ಕಾಲು ತೋರಿಸ್ತಾವ್ರೆ."

"ಕತೆ ಮೆಲ್ಗೆ ಏಳು," ಎಂದಳು ಅಜ್ಜಿ. "ಕೂಸು ಮಲ್ಗೈತೆ."